ಮಾಮುಕಾನ ಕಾಲ್ಗುಣ

ತ್ಬಿಲಿಸಿ, ಚುಗುರೆತಿ
ಜನವರಿ ೨, ಬೆದೋಬಾ

ನನ್ನ ಮುದ್ದು ಖತುನಾ,

ಹೇಗಿದ್ದೀಯಮ್ಮಾ? ಸೊಂಟ ನೋವು ಕಡಿಮೆಯಾಯಿತೇ? ನೀನು ನೋಡಿಕೊಳ್ಳುವ ಆ ಅಜ್ಜಿಯನ್ನು ಒಬ್ಬಳೇ ಹಾಸಿಗೆಯಿಂದ ಎತ್ತಬೇಡ ಎಂದು ಎಷ್ಟು ಸಲ ಹೇಳಿದ್ದೇನೆ. ಆಕೆ ನಿನ್ನ ಎರಡರಷ್ಟು ತೂಕವೆಂದು ನೀನೇ ಹೇಳಿದ್ದೆ. ಶನಿವಾರ ಶನಿವಾರ ಆಕೆಯ ಮಗ ಬರುತ್ತಾನಲ್ಲ, ಟಿ.ವಿ. ಮುಂದೆ ಕೂರುವ ಬದಲು ಒಂದು ಕೈ ಹಾಕಲಿ. ಫಿಲಡೆಲ್ಫಿಯಾದಲ್ಲಿ ಮೊಣಕಾಲುದ್ದ ಹಿಮ ಬಿದ್ದಿದೆ ಎಂದು ಸುದ್ದಿಯಲ್ಲಿ ತೋರಿಸಿದರು. ನಾನು ಹೆಣೆದು ಕಳಿಸಿದ ಉಣ್ಣೆಯ ಕಾಲುಚೀಲ ಹಾಕಿಕೊಳ್ಳುತ್ತೀಯೋ, ಇಲ್ಲ ಪೆಟ್ಟಿಗೆಯಲ್ಲಿಟ್ಟು ಹುಳಕ್ಕೆ ಹಾಕುತ್ತಿದ್ದೀಯೋ? ನಾನು ಚೆನ್ನಾಗಿದ್ದೇನೆ. ಬಿ.ಪಿ. ಏರುತ್ತದೆ, ಇಳಿಯುತ್ತದೆ, ನಮ್ಮ ಅಂಗಳದ ನಲ್ಲಿ ನೀರಿನ ಹಾಗೆ. ಅದಕ್ಕೂ ನನಗೂ ಈಗ ಒಪ್ಪಂದವಾಗಿಬಿಟ್ಟಿದೆ.

ಫೋನು ಬಿಟ್ಟು ಕಾಗದ ಏಕೆ ಎಂದು ಕೇಳಬೇಡ. ಫೋನಿನಲ್ಲಿ ನೀನು ಅಳುತ್ತೀಯ, ನೀನು ಅತ್ತರೆ ನಾನು ಬೈಯುತ್ತೇನೆ, ಅಷ್ಟರಲ್ಲಿ ಹೇಳಬೇಕಾದದ್ದು ಹೊಟ್ಟೆಯಲ್ಲೇ ಉಳಿಯುತ್ತದೆ. ಔಷಧಿ ಅಂಗಡಿಯ ಮರೀನೆಯ ಸೊಸೆ ಇವತ್ತು ಸಂಜೆ ನಿಮ್ಮ ಕಡೆಗೆ ವಿಮಾನ ಹತ್ತುತ್ತಾಳೆ. ಅವಳ ಕೈಯಲ್ಲಿ ಇದನ್ನೂ ಒಂದು ಡಬ್ಬಿ ಗೋಜಿನಾಕಿಯನ್ನೂ ಕಳಿಸುತ್ತೇನೆ. ಜೇನು ಈ ಸಲ ತುಸು ಹೆಚ್ಚೇ ಕಾದುಬಿಟ್ಟಿತು, ಅಕ್ರೋಟು ಕಲ್ಲಿನಂತೆ ಕೂತಿದೆ, ಹಲ್ಲು ಜೋಪಾನ. ಅದೂ ಅಲ್ಲದೆ ಇವತ್ತು ಬೆದೋಬಾ. ಇವತ್ತು ಹೇಗಿರುತ್ತೇವೋ ವರ್ಷವೆಲ್ಲ ಹಾಗೇ ಇರುತ್ತೇವೆ ಎಂದು ನಿನ್ನ ಅಜ್ಜಿ ಈ ದಿನ ನಮ್ಮನ್ನು ಅಳಲು ಬಿಡುತ್ತಿರಲಿಲ್ಲ, ಜಗಳ ಆಡಲು ಬಿಡುತ್ತಿರಲಿಲ್ಲ, ಸಾಲ ಕೇಳಲು ಬಿಡುತ್ತಿರಲಿಲ್ಲ. ಸುಳ್ಳು ಹೇಳಬಾರದು ಎಂದು ಆಕೆ ಹೇಳಿದ ನೆನಪಿಲ್ಲ. ಅದನ್ನು ನಾನೇ ಸೇರಿಸಿಕೊಂಡಿದ್ದೇನೆ.

ನೀನು ಮೂರು ಸಲ ಫೋನು ಮಾಡಿ ಕೇಳಿದ ಆ ಕಾಗದ ಇಲ್ಲೇ ಮೇಜಿನ ಮೇಲಿದೆ, ಸಕ್ಕರೆ ಬಟ್ಟಲಿನ ಕೆಳಗೆ. ನಿನ್ನ ಅಣ್ಣ ಮಾಮುಕಾನ ವಕೀಲ ತಂದುಕೊಟ್ಟು ಹೋದ. ಒಳ್ಳೆಯ ಕೋಟು, ಒಳ್ಳೆಯ ಮಾತು, ನಾನು ಕೊಟ್ಟ ಟೀ ಮಾತ್ರ ಕುಡಿಯಲಿಲ್ಲ. ಸಂಸತ್ತಿನ ಮುಂದೆ ಪ್ರತಿಭಟನೆಗೆ ನಿಂತ ಹುಡುಗರನ್ನು ಪೊಲೀಸರು ಹೊಡೆದ ಆ ಸಂಜೆ ನನಗೆ ಜ್ವರ ಬಂದಿತ್ತು, ಮಾಮುಕಾ ನನ್ನ ಮನೆಯಲ್ಲೇ ಇದ್ದು ನನಗೆ ಸಾರು ಕುಡಿಸುತ್ತಿದ್ದ ಎಂದು ಅದರಲ್ಲಿ ಬರೆದಿದೆ. ಕೆಳಗೆ ನಾನು ಸಹಿ ಹಾಕಬೇಕು, ಅಂಗಳದವರೊಬ್ಬರು ಸಾಕ್ಷಿ ಹಾಕಬೇಕು. ಹಾಕಿದರೆ ಅಮೆರಿಕದವರು ಅವನ ಮೇಲೆ ಹೇರಿದ ವೀಸಾ ನಿಷೇಧವನ್ನು ಮತ್ತೊಮ್ಮೆ ನೋಡುತ್ತಾರಂತೆ, ಅವನದು ಹೋದರೆ ಅವನ ಮಗಳ ಮೇಲಿನದೂ ತಾನಾಗಿ ಹೋಗುತ್ತದಂತೆ, ಶರತ್ಕಾಲಕ್ಕೆ ಲಿಲೆ ನಿನ್ನ ಊರಿನ ವಿಶ್ವವಿದ್ಯಾಲಯಕ್ಕೆ ಬಂದು ನಿನ್ನ ಮನೆಯಲ್ಲೇ ಇರುತ್ತಾಳಂತೆ. ಅಂತೆಕಂತೆಗಳ ಸಂತೆ ಎಂದು ತಳ್ಳಿಹಾಕೋಣವೆಂದರೆ ನೀನಾಗಲೇ ಕೋಣೆಗೆ ಹಳದಿ ಬಣ್ಣ ಬಳಿದಾಗಿದೆ. ಕಿಟಕಿಯ ಪಕ್ಕ ಮೇಜು, ಮೇಜಿನ ಮೇಲೆ ಕತ್ತು ಬಗ್ಗಿಸುವ ದೀಪ. ಫೋಟೋ ನೋಡಿದೆ. ಹೋದವಳು ನೀನು ಹಿಂದಿರುಗುವಂತಿಲ್ಲ, ಬಂದರೆ ಮತ್ತೆ ಒಳಗೆ ಬಿಡುವುದಿಲ್ಲ. ಇಷ್ಟು ವರ್ಷದಲ್ಲಿ ನಮ್ಮವರೊಬ್ಬರ ಮುಖವನ್ನೂ ನೀನು ಎದುರಿಗೆ ಕಂಡಿಲ್ಲ. ಆ ದೀಪ ಎಷ್ಟು ಆಸೆಯಿಂದ ತಂದದ್ದು ಎಂದು ನನಗೆ ತಿಳಿಯದೇ? ಫೋಟೋ ಹಿಡಿದುಕೊಂಡು ಚೆನ್ನಾಗಿ ಅತ್ತೆ. ಬೆದೋಬಾಗೆ ಇನ್ನೂ ಒಂದು ವಾರವಿತ್ತು, ಹಾಗಾಗಿ ತೊಂದರೆಯಿಲ್ಲ.

ಲಿಲೆಯನ್ನು ನೀನೀಗ ನೋಡಬೇಕು. ನೀನು ಹೋಗುವಾಗ ಆರು ವರ್ಷದವಳು, ನಿನ್ನ ಎತ್ತರದ ಚಪ್ಪಲಿ ಹಾಕಿಕೊಂಡು ಅಂಗಳವೆಲ್ಲ ಟಕಟಕ ಎನ್ನಿಸುತ್ತಿದ್ದಳು. ಈಗ ಬೇಸಿಗೆಯೆಲ್ಲ ದ್ಮನಿಸಿಯ ಉತ್ಖನನದ ಮಣ್ಣಿನಲ್ಲಿ ಮಂಡಿಯೂರಿ ಕೂತು ಬ್ರಷ್ಷಿನಿಂದ ಮೂಳೆ ಗುಡಿಸುತ್ತಾಳೆ. ಮನೆ ಗುಡಿಸು ಎಂದರೆ ಮಾತ್ರ ಬೆನ್ನು ನೋವು. ಲಕ್ಷಗಟ್ಟಲೆ ವರ್ಷ ಹಿಂದಿನ ಒಂದು ಮೂಳೆಯ ಚಿತ್ರ ತೋರಿಸಿ, "ಇವನು ಸ್ವಲ್ಪ ಕುಂಟ್ತಾ ಇದ್ದ ಕಣಜ್ಜೀ, ನೋಡು ಇಲ್ಲಿ ಸವೆದಿದೆ" ಅಂದಳು. "ಅಯ್ಯೋ ಪಾಪ, ಮುಲಾಮು ಹಚ್ಚೋದಲ್ವಾ" ಅಂದೆ. ನಕ್ಕು ನಕ್ಕು ಕುರ್ಚಿಯಿಂದ ಬಿದ್ದಳು. ಆ ನಗು ಕೇಳಿ ತಿಂಗಳಾಯಿತು. ಕಾಲೇಜಿನ ಸೀಟು ಕೈಗೆ ಬಂದು, ಟಿಕೆಟ್ಟಿನ ಮಾತಾಗಿ, ಕೊನೆಗೆ ಅಪ್ಪನ ಕಾರಣ ತನಗೆ ವೀಸಾ ಇಲ್ಲ ಎಂದು ತಿಳಿದ ದಿನ ಅವಳು ಅಪ್ಪನ ಜೊತೆ ಜಗಳವಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಈಗ ಅವನು ಕೋಣೆಗೆ ಬಂದರೆ ಇವಳು ಎದ್ದು ಹೋಗುತ್ತಾಳೆ, ಅಷ್ಟೇ.

ನಿನ್ನ ಅಣ್ಣ ಮೊದಮೊದಲು ನಗುತ್ತಿದ್ದ. ಅವನ ಹೆಸರು, ಅವನ ಪೊಲೀಸ್ ದಳದ ಇನ್ನೂ ಕೆಲವು ಅಧಿಕಾರಿಗಳ ಹೆಸರು ಟಿ.ವಿ.ಯಲ್ಲಿ ಓದಿದ ಸಂಜೆ ಇಲ್ಲಿಗೇ ಬಂದಿದ್ದ, ನನ್ನ ಗೀಸರು ರಿಪೇರಿ ಮಾಡಲು. ನೆಲದ ಮೇಲೆ ಮಲಗಿ ಸ್ಪ್ಯಾನರ್ ತಿರುಗಿಸುತ್ತಲೇ, "ಅಲ್ಲೇನು ನನ್ನ ಮಾವನ ಮನೆ ಇದೆಯಾ ಅಮ್ಮಾ, ಹೋಗ್ಲಿಲ್ಲ ಅಂದ್ರೆ ಹೆಂಡ್ತಿ ಮುನಿಸ್ಕೊಳ್ಳೋಕೆ? ಅವರ ಟೊಮೆಟೊಗೆ ರುಚಿನೇ ಇಲ್ಲ ಅಂತ ನಿನ್ನ ಮಗಳೇ ಹೇಳ್ತಾಳೆ" ಅಂದ. ನಾನೂ ನಕ್ಕೆ. ಮಗ ನಗಿಸಿದರೆ ತಾಯಿಗೆ ನಗು ಬರುತ್ತದೆ, ಅದಕ್ಕೆ ಯಾರ ಅನುಮತಿಯೂ ಬೇಡ. ನನಗೇನೂ ಅಮೆರಿಕದವರ ಮೇಲೆ ಅತಿಯಾದ ಗೌರವವಿಲ್ಲ ಎಂದು ನಿನಗೆ ಗೊತ್ತು. ಇಷ್ಟು ವರ್ಷ ನಿನ್ನ ಕೈಯಲ್ಲಿ ಸೇವೆ ಮಾಡಿಸಿಕೊಂಡು ಅಲ್ಲಿರಲು ಒಂದು ಪರವಾನಗಿ ಕೊಡದವರು ನಮಗೆ ನ್ಯಾಯ ಹೇಳಲು ಬಂದರಲ್ಲ ಎಂದು ಹೊಟ್ಟೆ ಉರಿಯಿತು. ಅವರ ಮನೆಯೇನು ಹಾಲಿನಲ್ಲಿ ತೊಳೆದಿದೆಯೇ? ಆಮೇಲೆ ಪಾತ್ರೆ ತೊಳೆಯುತ್ತಾ ಯೋಚಿಸಿದೆ. ಮನೆ ಯಾರದೋ ಹೊಸ್ತಿಲೂ ಅವರದೇ. ನೀನು ಒಳಗೆ ಬರಬೇಡ ಎನ್ನಲು ಆ ಮನೆಯವರು ಪುಣ್ಯವಂತರೇ ಆಗಿರಬೇಕೆಂದೇನಿಲ್ಲ. ಕೇಳಬೇಕಾದದ್ದು ಒಂದೇ, ಬರಬೇಡ ಎಂದದ್ದಕ್ಕೆ ಕಾರಣ ನಿಜವೋ ಸುಳ್ಳೋ.

ಲಿಲೆಯ ವಿಷಯದಲ್ಲಿ ನನಗೆ ಇಷ್ಟು ಸುಲಭವಾಗಿ ಉತ್ತರ ಸಿಗುತ್ತಿಲ್ಲ. ಅಪ್ಪ ಮಾಡಿದ್ದಕ್ಕೆ ಮಗಳು ಏಕೆ ಅನುಭವಿಸಬೇಕು? ಆ ಹುಡುಗಿ ಒಂದು ಇರುವೆಯನ್ನೂ ದಾಟಿಕೊಂಡು ನಡೆಯುತ್ತಾಳೆ. ಆದರೆ ಅವಳ ಶಾಲೆ, ಅವಳ ಬೂಟು, ಸಮುದ್ರಕ್ಕೆ ಹೋದ ಪ್ರವಾಸ, ನನ್ನ ಬಿ.ಪಿ. ಮಾತ್ರೆ, ಈ ಗೀಸರು, ಎಲ್ಲ ಬಂದದ್ದು ಅವನ ಸಂಬಳದಿಂದ. ಸಿಹಿ ಬಡಿಸುವಾಗ ಪಂಕ್ತಿಯಲ್ಲಿ ಕೂತವರು ಕಹಿ ಬಂದಾಗ ಎದ್ದು ಹೋಗಬಹುದೇ? ಹೋಗಬಹುದು ಎಂದು ಒಂದು ದಿನ ಅನ್ನಿಸುತ್ತದೆ, ಮಾರನೆಯ ದಿನ ಇಲ್ಲ ಅನ್ನಿಸುತ್ತದೆ. ಶಿಶುವಿಹಾರದಲ್ಲಿ ಅಡುಗೆ ಮಾಡಿಕೊಂಡಿದ್ದವಳು ನಾನು. ಒಬ್ಬ ಸಾರು ಚೆಲ್ಲಿದರೆ ಇಡೀ ಮೇಜಿನವರಿಗೆ ಹಣ್ಣು ಇಲ್ಲ ಎಂದು ಮೇಷ್ಟ್ರಮ್ಮ ಹೇಳಿದಾಗಲೆಲ್ಲ ಹಿಂದಿನಿಂದ ಕದ್ದು ಹಣ್ಣು ಕೊಟ್ಟವಳು. ಈಗ ಕೊಡೋಣವೆಂದರೆ ಹಣ್ಣು ಇರುವುದು ಸಕ್ಕರೆ ಬಟ್ಟಲಿನ ಕೆಳಗೆ.

ಮಾಮುಕಾನ ಕಾಲಿನ ಕಥೆ ನಿನಗೆ ಹೊಸದಲ್ಲ, ಆದರೂ ಬರೆಯುತ್ತೇನೆ, ಅದನ್ನು ಬಿಟ್ಟು ಮುಂದೆ ಹೋಗಲು ಆಗುತ್ತಿಲ್ಲ. ಅವನಿಗೆ ಒಂಬತ್ತು ವರ್ಷ, ನೀನಿನ್ನೂ ತೊಟ್ಟಿಲಲ್ಲಿದ್ದೆ. ಮೇಲಿನ ಮನೆಯ ಜುಜುನಾ ಮುರಬ್ಬಕ್ಕೆ ಹಣ್ಣು ಬೇಕೆಂದಳು, ಇವನು ಅಂಗಳದ ಹಿಪ್ಪುನೇರಳೆ ಮರ ಹತ್ತಿ ಕೆಳಗೆ ಬಿದ್ದ. ಎಡಗಾಲಿನ ಹರಡು ಮುರಿಯಿತು. ನಾನು ಕಿರುಚುತ್ತಾ ನಿಂತಿದ್ದೆ, ಜುಜುನಾ ಅವನನ್ನು ಬೆನ್ನ ಮೇಲೆ ಹೊತ್ತುಕೊಂಡು ಆಸ್ಪತ್ರೆಗೆ ಓಡಿದಳು. ಮೂಳೆ ಕೂಡಿತು, ಆದರೆ ನೇರವಾಗಿ ಕೂಡಲಿಲ್ಲ. ಇವತ್ತಿಗೂ ಎಡಗಾಲನ್ನು ಸ್ವಲ್ಪ ಹೊರಕ್ಕೆ ಬೀಸಿ ಹಿಮ್ಮಡಿ ಊರುತ್ತಾನೆ. ಆ ಚಳಿಗಾಲ ಹೊಸ ವರ್ಷದ ಬೆಳಿಗ್ಗೆ ಜುಜುನಾ ಅವನನ್ನೇ ತನ್ನ ಮನೆಗೆ ಮೆಕ್ವಲೆಯಾಗಿ ಕರೆದಳು. ವರ್ಷದ ಮೊದಲ ಕಾಲು ಈ ಮಗುವಿನದೇ ಆಗಲಿ ಎಂದು ಇನ್ನೂ ಕುಂಟುತ್ತಿದ್ದ ಆ ಕಾಲನ್ನು ತಾನೇ ಎತ್ತಿ ಹೊಸ್ತಿಲು ದಾಟಿಸಿದಳು. ಆ ವರ್ಷ ಡಾಕ್ಟರುಗಳು ಕೈಬಿಟ್ಟಿದ್ದ ಅವಳ ಗಂಡ ಎದ್ದು ಓಡಾಡಿದ. ಇನ್ನು ಕೇಳಬೇಕೇ? ಮಾಮುಕಾನ ಕಾಲ್ಗುಣ ಬಂಗಾರ ಎಂದು ಇಡೀ ಅಂಗಳ ಅವನಿಗಾಗಿ ಕಾಯತೊಡಗಿತು. ಜುಜುನಾಳ ಮಗಳಿಗೆ ಎಷ್ಟೋ ವರ್ಷ ಮಕ್ಕಳಿರಲಿಲ್ಲ, ಇರಾಕ್ಲಿ ಹುಟ್ಟಿದ್ದೂ ಇವನ ಕಾಲ್ಗುಣದಿಂದಲೇ ಎಂದು ಅವಳು ಸಿಕ್ಕವರಿಗೆಲ್ಲ ಹೇಳುತ್ತಿದ್ದಳು. ಅಳಿಯನಿಗೆ ಅದನ್ನು ಕೇಳಿ ಎಷ್ಟು ಸಂತೋಷವಾಗುತ್ತಿತ್ತೋ ದೇವರಿಗೇ ಗೊತ್ತು.

ಆ ಇರಾಕ್ಲಿ ಈಗ ದವಡೆಗೆ ತಂತಿ ಕಟ್ಟಿಸಿಕೊಂಡು ಕೊಳವೆಯಲ್ಲಿ ಸಾರು ಹೀರುತ್ತಾನೆ. ಅದೇ ಸಂಜೆ, ಅದೇ ಬೀದಿ. ಅವನನ್ನು ಹೊಡೆದವರು ಯಾರೆಂದು ತಿಳಿಯದು, ಎಲ್ಲರೂ ಮುಸುಕಿನವರು. ಅದಾದ ಮೇಲೆ ಒಂದು ಮಧ್ಯಾಹ್ನ ಜುಜುನಾ ಫೋನು ಹಿಡಿದುಕೊಂಡು ಕೆಳಗೆ ಬಂದಳು. ಯಾರೋ ತೆಗೆದ ವಿಡಿಯೋ. "ಇದು ನನ್ನ ಮಗು ಅಲ್ಲ ಲಮಾರಾ, ಯಾರದೋ ಮಗು. ನೋಡಿ ನಾನು ಅಂದ್ಕೊಂಡಿದ್ದು ತಪ್ಪು ಅಂತ ಒಂದ್ಮಾತು ಹೇಳ್ಬಿಡು, ಸಾಕು" ಅಂದಳು. ಹಳದಿ ಶಾಲಿನ ಹುಡುಗನೊಬ್ಬ ನೆಲದ ಮೇಲೆ ಬಿದ್ದಿದ್ದ. ಹೆಲ್ಮೆಟ್ಟು, ಕಪ್ಪು ಮುಸುಕು ಹಾಕಿದ್ದವನೊಬ್ಬ ದೂರದಿಂದ ಅವನ ಕಡೆಗೆ ನಡೆದು ಬಂದ. ನನಗೆ ಆ ನಡಿಗೆಯೇ ಸಾಕಾಗಿತ್ತು ಖತುನಾ. ಹತ್ತಿರ ಬಂದು ಎಡಗಾಲೆತ್ತಿ ಆ ಹುಡುಗನ ಮುಖಕ್ಕೆ ಒದ್ದ, ಮತ್ತೆ ಒದ್ದ. ನಾನು, "ಕನ್ನಡಕ ಇಲ್ಲ ಕಣೇ, ಏನೂ ಕಾಣಿಸ್ತಿಲ್ಲ" ಅಂದೆ. ಕನ್ನಡಕ ನನ್ನ ಮೂಗಿನ ಮೇಲೇ ಇತ್ತು. ಜುಜುನಾ ಅದನ್ನು ನೋಡಿದಳು, ನನ್ನನ್ನು ನೋಡಿದಳು. "ಆಯ್ತು, ಕನ್ನಡಕ ಸಿಕ್ಕಾಗ ಹೇಳು" ಎಂದು ಫೋನು ಜೇಬಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿ ಹೋದಳು.

ಇನ್ನು ನಿನ್ನೆಯ ಸುದ್ದಿ. ಹೊಸ ವರ್ಷದ ಬೆಳಿಗ್ಗೆ ಮಾಮುಕಾ ಎಂದಿನಂತೆ ಹೊಸ ಕೋಟು ಹಾಕಿ, ಸಿಹಿಯ ಚೀಲ ಹಿಡಿದು ಬಂದ. ಪ್ರತಿ ವರ್ಷ ಅವನು ಗೇಟು ದಾಟುವ ಮೊದಲೇ ಬಾಲ್ಕನಿಗಳಿಂದ "ಮೊದ್ಲು ನಮ್ಮನೆಗೆ ಬಾರೋ", "ಏಯ್, ಅವಳ ಮನೇಲಿ ಕೂತ್ಬಿಡ್ಬೇಡ" ಎಂದು ಕೂಗಾಟ ನಡೆಯುತ್ತಿತ್ತಲ್ಲ. ನಿನ್ನೆ ಒಂದು ಕಿಟಕಿಯೂ ತೆರೆಯಲಿಲ್ಲ. ಎಲ್ಲರ ಮನೆಯಲ್ಲೂ ಜನ ಇದ್ದರು, ಹಬ್ಬದ ಕೋಳಿ ಸತ್ಸಿವಿಯ ವಾಸನೆ ಬರುತ್ತಿತ್ತು. ಇವನು ಅಂಗಳದ ನಡುವೆ ಸ್ವಲ್ಪ ಹೊತ್ತು ನಿಂತಿದ್ದು ಜುಜುನಾಳ ಮೆಟ್ಟಿಲು ಹತ್ತಿದ. ಒಂದು ಕೈಯಲ್ಲಿ ಸಿಹಿ, ಕೋಟಿನ ಒಳಜೇಬಿನಲ್ಲಿ ಆ ಕಾಗದದ ಇನ್ನೊಂದು ಪ್ರತಿ, ಸಾಕ್ಷಿಗೆ ಅವಳ ಸಹಿ ಕೇಳಲು. ಬೇರೆ ದಿನ ಸಿಗಲಿಲ್ಲವೇ ಇವನಿಗೆ? ಆದರೆ ಇವನ ಲೆಕ್ಕವೇ ಬೇರೆ. ಹೊಸ ವರ್ಷದ ಬೆಳಿಗ್ಗೆ ಮೆಕ್ವಲೆಗೆ ಯಾರೂ ಇಲ್ಲ ಎನ್ನುವುದಿಲ್ಲ, ಅದರಲ್ಲೂ ಜುಜುನಾ ಎನ್ನುವುದಿಲ್ಲ ಎಂದು ನಂಬಿದ್ದ. ಬಾಗಿಲು ತಟ್ಟಿ, "ಜುಜುನಾ ಅತ್ತೆ, ನಾನು ಮಾಮುಕಾ" ಅಂದ. ನಾನು ಕೆಳಗೆ ನಮ್ಮ ಬಾಗಿಲಲ್ಲೇ ನಿಂತಿದ್ದೆ. ಒಳಗಿನಿಂದ ಅವಳ ಧ್ವನಿ ಕೇಳಿಸಿತು, ಕೋಪದ್ದಲ್ಲ, ಮಾಮೂಲಿ ಧ್ವನಿ. "ಗೊತ್ತಪ್ಪಾ. ಮೆಟ್ಟಿಲ ಮೇಲೆ ನಿನ್ನ ಕಾಲ ಸದ್ದು ನನಗೆ ಗೊತ್ತಾಗಲ್ವಾ? ಅದಕ್ಕೇ ತೆಗೀತಿಲ್ಲ."

ಅವನು ಸಿಹಿಯ ಚೀಲವನ್ನು ಅವಳ ಬಾಗಿಲ ಬಳಿಯೇ ಇಟ್ಟು ಇಳಿದು ಬಂದ. ನಾನು ಒಳಗೆ ಕರೆದು ಬಡಿಸಿದೆ. ನಿಂತೇ ತಿಂದ. "ನೋಡಿದ್ಯಾ ಅಮ್ಮಾ, ನಮ್ಮ ಅಂಗಳಕ್ಕೂ ವೀಸಾ ಬೇಕಾಯ್ತು" ಎಂದು ನಗಲು ನೋಡಿದ, ಬಾಯಿ ಒಂದು ಕಡೆ ಹೋಯಿತು, ಕಣ್ಣು ಒಂದು ಕಡೆ. ಆ ಸಂಜೆ ಎಲ್ಲಿದ್ದೆ ಎಂದು ನಾನು ಮೊದಲ ಸಲ ಬಾಯಿಬಿಟ್ಟು ಕೇಳಿದೆ. "ಕೆಲ್ಸದ ಮೇಲಿದ್ದೆ. ಅವರೇನು ಹೂವು ಎಸೀತಿದ್ರಾ? ಪಟಾಕಿ ಸಿಡಿಸಿ ನಮ್ಮ ಹುಡುಗನೊಬ್ಬನ ಕಣ್ಣೇ ತೆಗೆದ್ರು" ಅಂದ. ಅದೂ ನಿಜವಿರಬಹುದು ಮಗಳೇ, ಆ ಕಣ್ಣು ಕಳೆದುಕೊಂಡವನಿಗೂ ಒಬ್ಬ ತಾಯಿ ಇದ್ದಾಳೆ. ನೆಲಕ್ಕೆ ಬಿದ್ದಿದ್ದ ಹುಡುಗನ ಕೈಯಲ್ಲಿ ಏನಿತ್ತು ಎಂದು ಕೇಳಿದೆ. ಅವನು ತಟ್ಟೆ ನೋಡುತ್ತಾ, "ನೀನಾದ್ರೂ ಸಹಿ ಹಾಕ್ತೀಯಲ್ಲಾ ಅಮ್ಮಾ? ನನಗಲ್ಲ, ಲಿಲೆಗೆ" ಅಂದ. ಇನ್ನೊಂದು ತುಂಡು ಕೋಳಿ ಬಡಿಸಿದೆ. ಬೇರೇನು ಮಾಡಲಿ? ಅವನು ಹೋಗುವಾಗ ನನ್ನ ಹಣೆಗೆ ಮುತ್ತಿಟ್ಟು, ಗೀಸರಿನ ಬಿಸಿ ಹೆಚ್ಚಿಗೆ ಇಡಬೇಡ ಎಂದು ಹೇಳಿಹೋದ. ನನ್ನ ಮಗ ಖತುನಾ, ನನ್ನ ಬಾಗಿಲು ಅವನಿಗೆ ಯಾವತ್ತೂ ಮುಚ್ಚುವುದಿಲ್ಲ, ಇದನ್ನು ನೀನು ಮನಸ್ಸಿನಲ್ಲಿಟ್ಟುಕೋ.

ಇಷ್ಟೇ ಸುದ್ದಿ. ಕಾಗದ ಇನ್ನೂ ಅಲ್ಲೇ ಇದೆ, ಪೆನ್ನು ಪಕ್ಕದಲ್ಲಿದೆ. ಲಿಲೆ ಬರುತ್ತೇನೆಂದು ಹೇಳಿದ್ದಾಳೆ, ಅವಳಿಗಾಗಿ ಹುರುಳಿಕಾಯಿ ಬೀಜದ ರೊಟ್ಟಿ ಒಲೆಗೆ ಹಾಕಬೇಕು. ನೀನು ಸರಿಯಾಗಿ ಊಟ ಮಾಡು, ರಾತ್ರಿ ಬಾಗಿಲ ಚಿಲಕ ಎರಡು ಸಲ ನೋಡು, ಆ ಅಜ್ಜಿಗೆ ನನ್ನ ನಮಸ್ಕಾರ ಹೇಳು, ಆಕೆಯ ಮಗನಿಗೆ ಬೇಡ. ದೇವರು ನಿನ್ನ ಸೊಂಟವನ್ನೂ ನಿನ್ನ ನಗುವನ್ನೂ ಕಾಯಲಿ. ಈ ವರ್ಷ ನಿನ್ನ ಹೊಸ್ತಿಲು ದಾಟುವ ಮೊದಲ ಕಾಲು ಒಳ್ಳೆಯವರದಾಗಿರಲಿ.

ನಿನ್ನನ್ನು ದಿನವೂ ನೆನೆಯುವ
ಅಮ್ಮ ಲಮಾರಾ

ಮರೆತ ಮಾತು: ಮರೀನೆಯ ಸೊಸೆಯ ಟ್ಯಾಕ್ಸಿ ಬೀದಿಯಲ್ಲಿ ಹಾರ್ನ್ ಹೊಡೆಯುತ್ತಿದೆ, ಬೇಗ ಬರೆಯುತ್ತೇನೆ. ಮರೆತದ್ದೇನೂ ಅಲ್ಲ, ಇಷ್ಟು ಹೊತ್ತು ಧೈರ್ಯ ಬಂದಿರಲಿಲ್ಲ. ನಾನು ಸಹಿ ಹಾಕುವುದಿಲ್ಲ. ಲಿಲೆ ಬಂದಳು, ಕೋಟೂ ಬಿಚ್ಚದೆ ಮೇಜಿನ ಬಳಿ ನಿಂತು ಕೇಳಿದಳು, "ಅಜ್ಜೀ, ಆ ಸಂಜೆ ಅಪ್ಪ ಇಲ್ಲಿದ್ರಾ?" ಇಲ್ಲ ಎಂದೆ. "ನಿಂಗೆ ಜ್ವರ ಇತ್ತಾ?" ಇಲ್ಲ ಎಂದೆ. "ನಾನೂ ಆ ವಿಡಿಯೋ ನೋಡ್ದೆ" ಅಂದಳು, ಅಷ್ಟೇ. ಮೂಳೆ ನೋಡಿ ನಡಿಗೆ ಹೇಳುವವಳಿಗೆ ಅಪ್ಪನ ನಡಿಗೆ ತಿಳಿಯದೇ? ಅವಳು ನನ್ನ ಹೆಗಲ ಮೇಲೆ ತಲೆಯಿಟ್ಟು ಬಹಳ ಹೊತ್ತು ಅತ್ತಳು, ಬೆದೋಬಾ ಎಂದು ನಾನು ತಡೆಯಲಿಲ್ಲ. ಆಮೇಲೆ ನಾನು ಅಂಗಳಕ್ಕೆ ಹೋಗಿ ಎಲ್ಲ ಬಾಲ್ಕನಿಗೂ ಕೇಳುವ ಹಾಗೆ, "ಜುಜುನಾ, ನನ್ನ ಕನ್ನಡಕ ಸಿಕ್ತು ಕಣೇ" ಎಂದು ಕೂಗಿದೆ. ನಿನ್ನೆಯಿಂದ ಅವಳು ಯಾರನ್ನೂ ಒಳಗೆ ಬಿಟ್ಟಿರಲಿಲ್ಲ, ಮಗಳ ಮನೆಯವರನ್ನೂ ಸಹ. ಲಿಲೆ ನನ್ನ ಗೋಜಿನಾಕಿಯ ತಟ್ಟೆ ತೆಗೆದುಕೊಂಡು ಮೆಟ್ಟಿಲು ಹತ್ತಿದಳು, ಬಾಗಿಲ ಬಳಿ ಬಿದ್ದಿದ್ದ ಅಪ್ಪನ ಚೀಲವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ತಟ್ಟಿದಳು. ಚಿಲಕ ತೆಗೆದ ಸದ್ದಾಯಿತು. ಮೆಕ್ವಲೆ ಹೇಳುವ ಮಾತು ನಿನಗೆ ನೆನಪಿದೆಯಲ್ಲ, "ಕಾಲಿಟ್ಟೆ, ದೇವರು ನಿಮಗೆ ಒಲಿಯಲಿ, ಕಾಲು ನನ್ನದು, ಹೆಜ್ಜೆ ದೇವದೂತನದು" ಎಂದು. ನಮ್ಮ ಹುಡುಗಿ ಬಲಗಾಲು ಎತ್ತಿ ನಿಂತು, "ಕಾಲು ನನ್ನದು" ಎನ್ನುವವರೆಗೆ ಮಾತ್ರ ಹೇಳಿದಳು. ಜುಜುನಾ ಅವಳ ಕೈ ಹಿಡಿದು, "ಅಷ್ಟೇ ಸಾಕಮ್ಮಾ, ಒಳಗೆ ಬಾ" ಅಂದಳು.

ಖತುನಾ, ನಿ‌ನ್ನಿಂದ ಅವಳನ್ನು ಕಿತ್ತುಕೊಂಡವಳು ನಾನೇ, ಬೈಯುವುದಿದ್ದರೆ ನನಗೇ ಬೈ. ಆ ದೀಪ ಮಾತ್ರ ಅಲ್ಲಿಂದ ತೆಗೆಯಬೇಡ.